ರಂಗಭಾವನ ಬೆಟ್ಟಕ್ಕೆ ಹೊರಟವಳಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಗೆಳತಿಯರ ಜೊತೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದೀಯ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷ. ಆದರೆ ಅಲ್ಲಿನ ಕೆ. ಗುಡಿಯಲ್ಲಿ (ಕ್ಯಾತದೇವರಗುಡಿ) ಒಂದು ಸಫಾರಿ, ಹುಲಿ ಕಂಡರೆ ಫೋಟೋ, ಕಾಣದಿದ್ದರೆ ಮುಖ ಊದಿಸಿಕೊಂಡು ವಾಪಸ್ ಬರೋದು, ಇಷ್ಟೇ ಆದರೆ ಪೆಟ್ರೋಲ್ ದಂಡ. ಹುಲಿಗಿಂತ ಮೊದಲು ಆ ಕಾಡಿನ ಮೂಲನಿವಾಸಿಗಳಾದ ಸೋಲಿಗರ ವಿಷಯ ಸ್ವಲ್ಪ ತಿಳಿದುಕೋ.

ಅವರಿಗೆ ಬೆಟ್ಟದ ರಂಗನಾಥ ಬರೀ ದೇವರಲ್ಲ, ಭಾವ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನಂತೆ. ಅದಕ್ಕೇ 'ರಂಗಭಾವ' ಅಂತ ಸಲುಗೆಯಿಂದ ಕರೆಯುತ್ತಾರೆ. ಭಾವ ಕಾಡೆಲ್ಲ ಅಲೆಯುವವನು, ಹಾಗಾಗಿ ಭಕ್ತರು ಅವನಿಗೆ ಚರ್ಮದ ಭಾರೀ ಚಪ್ಪಲಿ ಮಾಡಿಸಿ ಒಪ್ಪಿಸುತ್ತಾರೆ. ರಂಗನಾಥನ ಗುಡಿಯಲ್ಲಿ ಕೇಳಿ ನೋಡು. ದೊಡ್ಡಸಂಪಿಗೆ ಮರಕ್ಕೆ ಹೋಗಲು ಅರಣ್ಯ ಇಲಾಖೆಯವರು ಬಿಟ್ಟರೆ ಅಲ್ಲೂ ಕೈಮುಗಿದು ಬಾ. ಅದು ಸೋಲಿಗರ ದೇವರು. ಬುಡಕ್ಕೆ ಒರಗಿ ಸೆಲ್ಫಿ ಬೇಡ.

ದಾರಿಯುದ್ದಕ್ಕೂ ಕೆಂಪು, ಹಳದಿ ಹೂಗೊಂಚಲಿನ ಪೊದೆಗಳು ಕಾಣುತ್ತವೆ. ಚೆಂದ ಅಂತ ಮರುಳಾಗಬೇಡ. ಎಲೆ ಉಜ್ಜಿ ಮೂಸಿದರೆ ಘಾಟು ಮೂಗಿಗೆ ಹೊಡೆಯುತ್ತದೆ. ಅದೇ ಲಂಟಾನ, ಹೊರದೇಶದ ಗಿಡ. ಅದು ಹಬ್ಬಿದ ಕಡೆ ಹುಲ್ಲು ಏಳೋದೇ ಕಷ್ಟ. ಹುಲ್ಲಿಲ್ಲದಿದ್ದರೆ ಕಡವೆ, ಕಾಟಿ ಏನು ತಿನ್ನಬೇಕು? ಹಿಂದೆ ಸೋಲಿಗರು ತರಗೆಲೆಗೆ ಸಣ್ಣಗೆ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ ಅಂತಾರೆ. ನೆಲದ ಮೇಲೇ ಓಡಿ ಆರಿಹೋಗುವ ಬೆಂಕಿ. ಕಾಡಿನ ಕಾನೂನು ಬಂದು ಅದು ನಿಂತ ಮೇಲೆ ಲಂಟಾನಕ್ಕೆ ತಡೆಯೇ ಇಲ್ಲದಂತಾಯಿತು ಅನ್ನೋದು ಸೋಲಿಗ ಹಿರಿಯರ ಮಾತು. ಇಲಾಖೆಯವರ ಭಯವೂ ಸುಳ್ಳಲ್ಲ. ಈಗ ಒಣಗಿದ ಪೊದೆಗೆ ಕಿಡಿ ಬಿದ್ದರೆ ಮರದ ತಲೆಗೇ ಏರುತ್ತದೆ. ಆದರೂ ನನಗೆ ಹಿರಿಯರ ಮಾತೇ ಸರಿ ಅನ್ನಿಸುತ್ತದೆ. ಈ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಗಿದ್ದು 2011ರಲ್ಲಿ. ಅದೇ ವರ್ಷ ಸೋಲಿಗರಿಗೆ ಇಲ್ಲಿ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಜೇನು, ನೆಲ್ಲಿಕಾಯಿ ತರುವುದು ಅವರ ಹಕ್ಕು, ಯಾರೋ ಕೊಟ್ಟ ಭಿಕ್ಷೆ ಅಲ್ಲ. ಪೋಡಿಗೆ, ಅಂದರೆ ಸೋಲಿಗರ ಹಳ್ಳಿಗೆ, ಹೋದರೆ ಇದು ನೆನಪಿರಲಿ. ಕೇಳದೆ ಯಾರ ಫೋಟೋ ತೆಗೆಯಬೇಡ, ಮಕ್ಕಳಿಗೆ ಚಾಕಲೇಟ್ ಎಸೆಯಬೇಡ. ಜೇನು ಕೊಳ್ಳುವುದಾದರೆ ಚೌಕಾಸಿ ಮಾಡಬೇಡ. ನೀವು ಬೀಗರ ಮನೆಗೆ ಹೋದ ಹಾಗೆ ಅಂದುಕೋ.

ಯಳಂದೂರು ಕಡೆಯಿಂದಲೇ ಹತ್ತಿ. ಕತ್ತಲಾದ ಮೇಲೆ ಕಾಡಿನ ದಾರಿಯಲ್ಲಿ ಗಾಡಿ ಬಿಡುವುದಿಲ್ಲ, ಬೇಗ ಹೊರಡಿ. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಹೊಡೆಯೋದು, ಕೆಳಗಿಳಿಯೋದು ಬೇಡವೇ ಬೇಡ. ಕೋತಿಗಳ ಕಣ್ಣಿಗೆ ಚಿಪ್ಸ್ ಪ್ಯಾಕೆಟ್ ಬೀಳದಿರಲಿ. ಮೇಲೆ ಗಾಳಿ ಜಾಸ್ತಿ, ಸ್ವೆಟರ್ ಮರೆಯಬೇಡ ಅಂತ ದೊಡ್ಡಮ್ಮ ಇಲ್ಲೇ ಕೂತು ಬರೆಸುತ್ತಿದ್ದಾಳೆ. ಜೇನು ಸಿಕ್ಕರೆ ನಮಗೂ ಒಂದು ಬಾಟಲಿ ತಾ, ದುಡ್ಡು ಕೊಡ್ತೀನಿ.

ನಿನ್ನ ದೊಡ್ಡಪ್ಪ