ದೀಪ ಎಣಿಸಿ, ಆಮೇಲೆ ಚಿತ್ರ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಪತ್ರಿಕೆಗಳ ವಿದೇಶ ಪುಟದಲ್ಲಿ ಯಹೂದಿಗಳ ಹನುಕ್ಕಾ ಹಬ್ಬದ ಒಂದು ಚಿತ್ರ ತಪ್ಪದೆ ಬರುತ್ತದೆ. ಕೆಳಗೆ ‘ಯಹೂದಿಗಳ ಕ್ರಿಸ್‌ಮಸ್’ ಎಂಬ ಅಡಿಬರಹ. ಚಿತ್ರದಲ್ಲಿ ಎಷ್ಟೋ ಸಲ ಏಳು ಕವಲಿನ ದೀಪಸ್ತಂಭ. ಎರಡೂ ತಪ್ಪು. ಮೂರನೆಯ ತಪ್ಪು ಒಂದಿದೆ, ಅದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ: ಹಬ್ಬವೆಲ್ಲ ಅವರ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲೇ ನಡೆಯುತ್ತದೆ, ಜನ ಅಲ್ಲಿಗೆ ಹೋಗಿ ದೀಪ ನೋಡಿಕೊಂಡು ಬರುತ್ತಾರೆ ಎಂಬಂತೆ ಬರೆಯುವುದು. ಈ ಮೂರನೆಯದನ್ನು ಬಿಡಿಸಿ ಹೇಳಲೆಂದೇ ಈ ಪತ್ರ.

ಮೊದಲಿಗೆ ದೀಪದ ಲೆಕ್ಕ. ಏಳು ಕವಲಿನ ಮೆನೋರಾ ಜೆರುಸಲೇಮಿನ ದೇವಾಲಯದಲ್ಲಿ ಇದ್ದದ್ದು. ಇಂದು ಇಸ್ರೇಲ್ ದೇಶದ ಲಾಂಛನದಲ್ಲಿರುವುದು ಅದೇ. ಹನುಕ್ಕಾಗೆ ಬಳಸುವುದು ಹನುಕ್ಕಿಯಾ: ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿ ಎಂಟು ದೀಪ, ಅವುಗಳಿಂದ ಬೇರೆಯಾಗಿ, ಸಾಮಾನ್ಯವಾಗಿ ತುಸು ಮೇಲೆ, ಒಂಬತ್ತನೆಯದು. ಈ ಒಂಬತ್ತನೆಯದರ ಹೆಸರು ಶಮಾಷ್, ಅಂದರೆ ಸೇವಕ. ಎಂಟು ದೀಪಗಳ ಬೆಳಕನ್ನು ಓದಲು, ಕೆಲಸ ಮಾಡಲು ಬಳಸುವಂತಿಲ್ಲ. ಅವು ನೋಡುವುದಕ್ಕೆ ಮಾತ್ರ. ಕೋಣೆಗೆ ಬೆಳಕು ಬಿದ್ದರೆ ಅದು ಸೇವಕನ ಲೆಕ್ಕಕ್ಕೆ ಹೋಗಲಿ ಎಂದೇ ಶಮಾಷ್ ಇರುವುದು.

ಮೊದಲ ಸಂಜೆ ಒಂದು, ಎರಡನೆಯ ಸಂಜೆ ಎರಡು, ಹೀಗೆ ಎಂಟರವರೆಗೆ. ಹಳೆಯ ಕಾಲದ ಎರಡು ಗುರುಪಂಥಗಳಲ್ಲಿ ಶಮ್ಮಾಯ್ ಪಂಥದವರು ಎಂಟರಿಂದ ಶುರುಮಾಡಿ ಇಳಿಸುತ್ತ ಬರಬೇಕೆಂದರು, ಹಿಲ್ಲೇಲ್ ಪಂಥದವರು ಏರಿಸುತ್ತ ಹೋಗಬೇಕೆಂದರು. ಯಹೂದಿ ಧರ್ಮಶಾಸ್ತ್ರದ ಗ್ರಂಥವಾದ ತಾಲ್ಮುದ್‌ನಲ್ಲಿರುವ ಈ ಜಗಳದಲ್ಲಿ ಗೆದ್ದದ್ದು ಏರಿಸುವವರು. ಎಂಟು ಸಂಜೆಗೆ 36 ದೀಪ, ದಿನಕ್ಕೊಂದರಂತೆ 8 ಶಮಾಷ್, ಒಟ್ಟು 44. ಮೇಣದಬತ್ತಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದೂ ಅಷ್ಟೇ. ನಾಲ್ಕು ಬತ್ತಿ ಮುರಿದಿದ್ದರೆ ಎಂಟನೆಯ ಸಂಜೆ, ಅಂಗಡಿಗಳಲ್ಲೆಲ್ಲ ಖಾಲಿಯಾದ ಮೇಲೆ, ಪರದಾಟ ಶುರು. ಬತ್ತಿಗಳನ್ನು ಜೋಡಿಸುವುದು ಬಲಗಡೆಯಿಂದ. ಹಚ್ಚುವುದು ಎಡಗಡೆಯಿಂದ, ಅಂದರೆ ಅಂದಿನ ಹೊಸ ದೀಪ ಮೊದಲು. ಮೂರನೆಯ ದಿನದ್ದೆಂದು ಬರೆದ ಚಿತ್ರದಲ್ಲಿ ಎಡತುದಿಯಲ್ಲಿ ಮೂರು ದೀಪ ಉರಿಯುತ್ತಿದ್ದರೆ, ಚಿತ್ರವನ್ನು ಯಾರೋ ಕನ್ನಡಿಯಂತೆ ತಿರುಗಿಸಿದ್ದಾರೆ, ಇಲ್ಲವೇ ದೀಪದ ಹಿಂದಿನಿಂದ ತೆಗೆದಿದ್ದಾರೆ.

ಇನ್ನು ಸಿನಗಾಗ್ ವಿಷಯ. ಹೀಬ್ರೂವಿನಲ್ಲಿ ಅದಕ್ಕೆ ಬೇತ್ ಕ್ನೆಸೆತ್ ಎನ್ನುತ್ತಾರೆ, ಜನ ಸೇರುವ ಮನೆ ಎಂದರ್ಥ. ಹನುಕ್ಕಾದ ದೀಪ ಮನೆಯ ಬಾಧ್ಯತೆ. ಬಾಗಿಲ ಬಳಿ, ಮೆಝೂಝಾದ (ಬಾಗಿಲ ಚೌಕಟ್ಟಿಗೆ ಹಚ್ಚಿದ ಶಾಸ್ತ್ರವಾಕ್ಯದ ಸಣ್ಣ ಡಬ್ಬಿ) ಎದುರು ಬದಿಗೆ, ಅಥವಾ ಬೀದಿಗೆ ಕಾಣುವ ಕಿಟಕಿಯಲ್ಲಿ ಇಡಬೇಕು. ನೆಲದಿಂದ ಸುಮಾರು 25ರಿಂದ 80 ಸೆಂಟಿಮೀಟರ್ ಎತ್ತರ ಒಳ್ಳೆಯದು. 20 ಮೊಳಕ್ಕಿಂತ ಮೇಲಿದ್ದರೆ ಸಲ್ಲದು, ಅಷ್ಟೆತ್ತರಕ್ಕೆ ದಾರಿಹೋಕರ ಕಣ್ಣು ಹೋಗುವುದಿಲ್ಲ ಎಂಬ ಕಾರಣಕ್ಕೆ. ಚೌಕಗಳಲ್ಲಿ ನಿಲ್ಲಿಸುವ ದೈತ್ಯ ಹನುಕ್ಕಿಯಾಗಳನ್ನೂ ಈ ಕಾರಣಕ್ಕೇ ಸುಮಾರು ಹತ್ತು ಮೀಟರಿಗೆ ನಿಲ್ಲಿಸುತ್ತಾರೆ. ಸಿನಗಾಗ್‌ನಲ್ಲೂ ಸಂಜೆಯ ಎರಡು ಪ್ರಾರ್ಥನೆಗಳ ನಡುವೆ, ದಕ್ಷಿಣದ ಗೋಡೆಯ ಬಳಿ ದೀಪ ಹಚ್ಚುತ್ತಾರೆ. ದಕ್ಷಿಣ ಯಾಕೆಂದರೆ ದೇವಾಲಯದ ಮೆನೋರಾ ಇದ್ದದ್ದು ಆ ದಿಕ್ಕಿಗೆ. ಆದರೆ ಅಲ್ಲಿ ಹಚ್ಚಿದ್ದರಿಂದ ಯಾರ ಬಾಧ್ಯತೆಯೂ ತೀರುವುದಿಲ್ಲ. ಅಲ್ಲಿ ಮಂತ್ರ ಹೇಳಿ ಹಚ್ಚಿದವನೂ ಮನೆಗೆ ಹೋಗಿ ಮತ್ತೆ ಹಚ್ಚಬೇಕು. ಸಿನಗಾಗ್ ದೀಪದ ಉದ್ದೇಶ ಪವಾಡವನ್ನು ನಾಲ್ಕು ಜನರೆದುರು ಸಾರುವುದು; ಊರಿಗೆ ಬಂದ ಪ್ರಯಾಣಿಕನಿಗೂ ಒಂದು ದೀಪ ಕಾಣಲಿ ಎಂಬುದು.

ಪವಾಡದ ಮಾತು ಬಂದಿದ್ದರಿಂದ ಒಂದು ಅಡ್ಡಮಾತು. ಗ್ರೀಕ್ ಮೂಲದ ಸೆಲ್ಯೂಸಿಡ್ ದೊರೆ ನಾಲ್ಕನೆಯ ಆಂಟಿಯೋಕಸನ ಕಾಲದಲ್ಲಿ ಅಪವಿತ್ರವಾದ ದೇವಾಲಯವನ್ನು ದಂಗೆ ಎದ್ದ ಯಹೂದಿಗಳಾದ ಮಕ್ಕಬಿಯರು ಕ್ರಿ.ಪೂ. 164ರಲ್ಲಿ ಮರಳಿ ಪಡೆದು ಪ್ರತಿಷ್ಠಾಪಿಸಿದರು. ಹನುಕ್ಕಾ ಎಂದರೆ ಪ್ರತಿಷ್ಠಾಪನೆ. ಒಂದು ದಿನದ ಎಣ್ಣೆ ಎಂಟು ದಿನ ಉರಿಯಿತೆಂಬ ಕಥೆ ಮಕ್ಕಬಿಯರ ಗ್ರಂಥಗಳಲ್ಲಿ ಇಲ್ಲ, ಬಹಳ ಕಾಲದ ನಂತರದ ತಾಲ್ಮುದ್‌ನಲ್ಲಿದೆ. ವರದಿ ಬರೆಯುವವರು ‘ಬೈಬಲ್ಲಿನ ಕಥೆಯಂತೆ’ ಎಂದು ಶುರುಮಾಡದಿದ್ದರೆ ಸಾಕು.

ದೀಪ ಹಚ್ಚುವುದರಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಶುಕ್ರವಾರ. ಉಳಿದ ದಿನ ಕತ್ತಲಾದ ಮೇಲೆ ಅರ್ಧ ಗಂಟೆ ಉರಿದರೆ ಸಾಕು. ಪೆಟ್ಟಿಗೆಯ ತೆಳು ಬತ್ತಿ ಅಷ್ಟಕ್ಕೆಂದೇ ಮಾಡಿದ್ದು. ಶುಕ್ರವಾರ ಸೂರ್ಯ ಮುಳುಗಿದರೆ ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಬಂತು, ಆಮೇಲೆ ಬೆಂಕಿ ಮುಟ್ಟುವಂತಿಲ್ಲ. ಆದ್ದರಿಂದ ಹನುಕ್ಕಾ ದೀಪವನ್ನು ಶಬ್ಬಾತ್ ದೀಪಕ್ಕಿಂತ ಮೊದಲೇ, ಹಗಲು ಬೆಳಕಿನಲ್ಲೇ ಹಚ್ಚಬೇಕು, ಅದು ಕತ್ತಲಾಗಿ ಅರ್ಧ ಗಂಟೆಯವರೆಗೂ ಉರಿಯಬೇಕು. ಲಂಡನ್ನಿನಲ್ಲಿ ಡಿಸೆಂಬರ್ ಮಧ್ಯದಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಮೂರೂವರೆಗೆ ಹಚ್ಚಿದ ದೀಪ ಐದು ದಾಟಿ ಉರಿಯಬೇಕೆಂದರೆ ಹತ್ತಿರ ಹತ್ತಿರ ಎರಡು ಗಂಟೆ. ತೆಳು ಬತ್ತಿ ಹಚ್ಚಿದವರ ದೀಪ ಕತ್ತಲಾಗುವ ಮುಂಚೆಯೇ ಮುಗಿದಿರುತ್ತದೆ, ಮತ್ತೆ ಹಚ್ಚುವಂತಿಲ್ಲ. ಇದಕ್ಕೆ ದಪ್ಪ ಶಬ್ಬಾತ್ ಬತ್ತಿ, ಇಲ್ಲವೇ ಗಾಜಿನ ಬಟ್ಟಲಿನಲ್ಲಿ ಆಲಿವ್ ಎಣ್ಣೆ ಮತ್ತು ಹತ್ತಿಯ ಬತ್ತಿ ಬೇಕು. ದಪ್ಪ ಬತ್ತಿ ಹನುಕ್ಕಿಯಾದ ಸಣ್ಣ ತೂತಿಗೆ ಕೂರುವುದಿಲ್ಲ ಎಂಬುದು ಗೊತ್ತಾಗುವುದೂ ಮೂರೂಕಾಲು ಗಂಟೆಗೇ. ಗುರುವಾರವೇ ಒಮ್ಮೆ ಕೂರಿಸಿ ನೋಡಬೇಕು. ಶನಿವಾರ ಕ್ರಮ ತಿರುಗುಮುರುಗು: ಶಬ್ಬಾತ್ ಮುಗಿಯುವವರೆಗೆ ಕಾಯಬೇಕು, ಸಿನಗಾಗ್‌ನಲ್ಲಿ ಸಾಮಾನ್ಯವಾಗಿ ಹನುಕ್ಕಾ ದೀಪ ಮೊದಲು, ಶಬ್ಬಾತ್ ಮುಗಿಸುವ ವಿಧಿಯಾದ ಹವ್ದಾಲಾ ಆಮೇಲೆ, ಮನೆಯಲ್ಲಿ ಯಾವುದು ಮೊದಲೆಂಬುದರಲ್ಲಿ ಮನೆಮನೆಗೆ ಪದ್ಧತಿ ಬೇರೆ.

ಗಾಳಿಗೆ ದೀಪ ಆರಿದರೆ? ಉರಿಯಲು ತಕ್ಕ ಜಾಗದಲ್ಲಿ, ತಕ್ಕಷ್ಟು ಎಣ್ಣೆ ಹಾಕಿ ಹಚ್ಚಿದ್ದರೆ ಬಾಧ್ಯತೆ ಹಚ್ಚಿದ ಕ್ಷಣಕ್ಕೇ ತೀರಿತು. ಮತ್ತೆ ಹಚ್ಚುವುದು ಒಳ್ಳೆಯದು, ಮಂತ್ರ ಬೇಕಿಲ್ಲ. ಗಾಳಿ ಬೀಸುವ ಜಾಗದಲ್ಲೇ ಇಟ್ಟು ಹಚ್ಚಿದ್ದರೆ ಅದು ಹಚ್ಚಿದಂತೆಯೇ ಅಲ್ಲ. ವಿದ್ಯುತ್ ದೀಪದ ಹನುಕ್ಕಿಯಾ ಆಸ್ಪತ್ರೆಯಲ್ಲಿ, ವೃದ್ಧಾಶ್ರಮದಲ್ಲಿ ಇಡುತ್ತಾರೆ, ಆದರೆ ಬಹುತೇಕ ರಬ್ಬಿಗಳು, ಅಂದರೆ ಧರ್ಮಗುರುಗಳು, ಅದರ ಮೇಲೆ ಮಂತ್ರ ಹೇಳಲು ಒಪ್ಪುವುದಿಲ್ಲ.

ಎಷ್ಟೋ ಸಿನಗಾಗ್‌ಗಳಲ್ಲಿ ಒಂದು ಸಂಜೆ ಎಲ್ಲ ಕುಟುಂಬಗಳೂ ತಮ್ಮ ತಮ್ಮ ಹನುಕ್ಕಿಯಾ ತಂದು ಒಟ್ಟಿಗೆ ಹಚ್ಚುತ್ತಾರೆ. ಪತ್ರಿಕೆಗೆ ಸಿಗುವ ಚೆಂದದ ಚಿತ್ರ ಹೆಚ್ಚಾಗಿ ಇದೇ. ಅದರ ಹಿಂದಿನ ಲೆಕ್ಕ ಕೇಳಿ: ಎಂಟನೆಯ ಸಂಜೆ ಐವತ್ತು ಹನುಕ್ಕಿಯಾ ಎಂದರೆ 450 ಜ್ವಾಲೆ. ಒತ್ತೊತ್ತಾಗಿ ಇಟ್ಟರೆ ಒಂದರ ಶಾಖಕ್ಕೆ ಪಕ್ಕದ ಬತ್ತಿ ನಡುಬಗ್ಗಿ ತಲೆಕೆಳಗಾಗಿ ಉರಿಯುತ್ತದೆ, ಅರ್ಧ ಗಂಟೆಯ ಬತ್ತಿ ಅದಕ್ಕೂ ಮೊದಲೇ ಕರಗಿಹೋಗುತ್ತದೆ, ಮೇಣ ಮೇಜಿನಂಚಿಗೆ ಹರಿಯುತ್ತದೆ. ಹಾಗಾಗಿ ಬಟ್ಟೆಯಿಲ್ಲದ ಮೇಜು, ಅದರ ಮೇಲೆ ಎರಡು ಪದರ ಅಲ್ಯೂಮಿನಿಯಂ ಹಾಳೆ ಅಥವಾ ಮರಳು ಹರಡಿದ ಲೋಹದ ತಟ್ಟೆ, ಒಂದಕ್ಕೂ ಇನ್ನೊಂದಕ್ಕೂ ಒಂದು ಗೇಣು ಅಂತರ. ಪರದೆಯಿಂದ, ಗೋಡೆಗೆ ಅಂಟಿಸಿದ ಮಕ್ಕಳ ಕಾಗದದ ಅಲಂಕಾರದಿಂದ ದೂರ. ಸಡಿಲವಾಗಿ ಕೂರುವ ಬತ್ತಿಯ ಬುಡವನ್ನು ಒಂದು ಕ್ಷಣ ಜ್ವಾಲೆಗೆ ಹಿಡಿದು ಮೆತ್ತಗಾದಾಗಲೇ ಒತ್ತಿ ನಿಲ್ಲಿಸಬೇಕು. ಮಂತ್ರ ಮೊದಲು, ಹಚ್ಚುವುದು ಆಮೇಲೆ. ಮೊದಲ ಸಂಜೆ ಮೂರು ಮಂತ್ರ, ಉಳಿದ ಸಂಜೆ ಎರಡು. ಮಕ್ಕಳು ಮಂತ್ರ ಮುಗಿಯುವ ತನಕ ತಡೆಯುವುದಿಲ್ಲವಾದ್ದರಿಂದ ಬೆಂಕಿಕಡ್ಡಿಯನ್ನು ದೊಡ್ಡವರೇ ಹಿಡಿದಿರಬೇಕು. ಕಡೆಯ ಜ್ವಾಲೆ ಆರುವವರೆಗೆ ಒಬ್ಬರು ಅಲ್ಲೇ ಇರುತ್ತಾರೆ, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರು. ಹನುಕ್ಕಿಯಾಕ್ಕೆ ಅಂಟಿದ ಮೇಣವನ್ನು ಚಾಕುವಿನಿಂದ ಕೆರೆದರೆ ಬೆಳ್ಳಿ ಹಾಳು. ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟರೆ ತಾನೇ ಬಿಟ್ಟುಕೊಳ್ಳುತ್ತದೆ.

ಆ ಸಂಜೆಯ ಊಟ ಎಣ್ಣೆಯಲ್ಲಿ ಕರಿದದ್ದು. ಆಲೂಗಡ್ಡೆಯ ಲಾಟ್ಕೆ ಪೂರ್ವ ಯುರೋಪಿನವರದು, ಜ್ಯಾಮ್ ತುಂಬಿದ ಸುಫ್ಗಾನಿಯೋತ್ ಇಸ್ರೇಲಿನಲ್ಲಿ ಹೆಚ್ಚು, ಉಂಗುರದಂಥ ಸ್ಫೆಂಜ್ ಮೊರಾಕೊದವರದು. ಒಂದು ಕಿಲೊ ಆಲೂಗಡ್ಡೆ, ಒಂದು ದೊಡ್ಡ ಈರುಳ್ಳಿ, ಎರಡು ಮೊಟ್ಟೆ, ಮೂರು ನಾಲ್ಕು ಚಮಚ ಮಾತ್ಸಾ (ಹುಳಿ ಬರಿಸದ ರೊಟ್ಟಿ) ಹಿಟ್ಟು ಸೇರಿದರೆ ಇಪ್ಪತ್ತು ಲಾಟ್ಕೆ ಆಗುತ್ತದೆ. ನೂರು ಜನಕ್ಕೆ ತಲಾ ಮೂರರಂತೆ ಹದಿನೈದು ಕಿಲೊ. ತುರಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು, ಹಿಂಡಿದ ನೀರನ್ನು ಐದು ನಿಮಿಷ ಬಿಟ್ಟು ಮೇಲಿನ ನೀರು ಚೆಲ್ಲಿ, ತಳದ ಬಿಳಿ ಪಿಷ್ಟವನ್ನು ಮತ್ತೆ ಬೆರೆಸಬೇಕು, ಅದೇ ಅಂಟು. ಉಪ್ಪು ಬೇಗ ಹಾಕಿದರೆ ಮತ್ತೆ ನೀರು ಬಿಡುತ್ತದೆ. ಬಾಣಲೆಗೆ ಒಟ್ಟಿಗೆ ಹೆಚ್ಚು ಹಾಕಿದರೆ ಎಣ್ಣೆ ತಣ್ಣಗಾಗಿ ಲಾಟ್ಕೆ ಎಣ್ಣೆ ಕುಡಿಯುತ್ತದೆ. ಮೊದಲೇ ಕರಿದಿಟ್ಟದ್ದನ್ನು ಜಾಲರಿಯ ಮೇಲೆ ಬಿಡಿಬಿಡಿಯಾಗಿ, ಮುಚ್ಚದೆ, ಬಿಸಿ ಓವನ್ನಿನಲ್ಲಿ ಹತ್ತು ನಿಮಿಷ ಇಡಬೇಕು. ಮುಚ್ಚಿದರೆ ಹಬೆಗೆ ಮೆತ್ತಗೆ. ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಅಂದು ಅಡುಗೆಮನೆ ಮಾಂಸದ್ದೋ, ಹಾಲಿನದ್ದೋ? ಲಾಟ್ಕೆಯಲ್ಲಿ ಎರಡೂ ಇಲ್ಲ, ಆದರೆ ಪಕ್ಕಕ್ಕೆ ಹುಳಿ ಕೆನೆ ಬಡಿಸುವುದಾದರೆ ಆ ಊಟದಲ್ಲಿ ಮಾಂಸ ಇರುವಂತಿಲ್ಲ. ಮನೆಯಲ್ಲಿ ಕರಿದದ್ದನ್ನು ಪ್ರೀತಿಯಿಂದ ತಂದ ಅತಿಥಿಯನ್ನು ಬಾಗಿಲಲ್ಲೇ ತಡೆಯುವುದು ಅವಮಾನ ಮಾಡಲಿಕ್ಕಲ್ಲ. ಕೋಷರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ ಅಡುಗೆಮನೆಗೆ ಹೊರಗಿನ ಬೇಯಿಸಿದ್ದು ಬರುವಂತಿಲ್ಲ.

ಮಕ್ಕಳಿಗೆ ಡ್ರೇಡಲ್, ಮುಖಕ್ಕೊಂದು ಹೀಬ್ರೂ ಅಕ್ಷರವಿರುವ ನಾಲ್ಕು ಮುಖದ ಬುಗುರಿ. ನೂನ್ ಬಿದ್ದರೆ ಏನೂ ಇಲ್ಲ, ಗಿಮೆಲ್ ಬಿದ್ದರೆ ನಡುವಿನ ರಾಶಿಯೆಲ್ಲ, ಹೇ ಬಿದ್ದರೆ ಅರ್ಧ, ಶಿನ್ ಬಿದ್ದರೆ ಒಂದು ಹಾಕಬೇಕು. ‘ಅಲ್ಲಿ ದೊಡ್ಡ ಪವಾಡ ನಡೆಯಿತು’ ಎಂಬ ಹೀಬ್ರೂ ವಾಕ್ಯದ ಮೊದಲಕ್ಷರಗಳಿವು. ಇಸ್ರೇಲಿನ ಬುಗುರಿಯಲ್ಲಿ ಶಿನ್ ಬದಲು ಪೇ, ಯಾಕೆಂದರೆ ಅವರಿಗೆ ಅದು ‘ಇಲ್ಲಿ’. ಇಬ್ಬರಿಗಿಂತ ಹೆಚ್ಚು ಜನ ಆಡಿದರೆ ಮೊದಲು ತಿರುಗಿಸಿದವರಿಗೆ ತುಸು ಲಾಭವೆಂದು ಗಣಿತ ಹೇಳುತ್ತದೆ, ಆದ್ದರಿಂದ ಪ್ರತಿ ಆಟಕ್ಕೂ ಮೊದಲಿಗರನ್ನು ಬದಲಿಸುವುದು ಲೇಸು. ಆಟ ಬೇಗ ಮುಗಿಯುವುದಿಲ್ಲ. ಗಡಿಯಾರ ನೋಡಿ ನಿಲ್ಲಿಸಬೇಕು.

ಸಿನಗಾಗ್‌ನಲ್ಲಿ ನಿಜವಾದ ಹನುಕ್ಕಾ ಇರುವುದು ಬೆಳಗಿನ ಪ್ರಾರ್ಥನೆಯಲ್ಲಿ, ಅಲ್ಲಿಗೆ ಛಾಯಾಗ್ರಾಹಕರು ಬರುವುದೇ ಇಲ್ಲ. ಎಂಟೂ ದಿನ ಹಲ್ಲೇಲ್ ಎಂಬ ಸ್ತುತಿಗೀತೆಗಳನ್ನು ಪೂರ್ತಿ ಹಾಡುತ್ತಾರೆ, ದಿನವೂ ಧರ್ಮಗ್ರಂಥ ಟೋರಾದ ಸುರುಳಿ ಹೊರತೆಗೆದು ಹನ್ನೆರಡು ಕುಲದ ಮುಖ್ಯಸ್ಥರು ತಂದ ಕಾಣಿಕೆಗಳ ಭಾಗವನ್ನು ಓದುತ್ತಾರೆ. ಕಡೆಯ ದಿನದ ಓದು ಮೆನೋರಾ ಹಚ್ಚುವ ಆಜ್ಞೆಯವರೆಗೆ ಬಂದು ನಿಲ್ಲುತ್ತದೆ. ಇದಕ್ಕೆ ಮಿನ್ಯಾನ್ ಬೇಕು, ಅಂದರೆ ಪ್ರಾಯಕ್ಕೆ ಬಂದ ಹತ್ತು ಜನ: ಸಂಪ್ರದಾಯನಿಷ್ಠ ಆರ್ಥೊಡಾಕ್ಸ್ ಸಿನಗಾಗ್‌ನಲ್ಲಿ ಗಂಡಸರು, ಸುಧಾರಣಾವಾದಿ ರಿಫಾರ್ಮ್‌ನಲ್ಲಿ ಹೆಂಗಸರೂ ಲೆಕ್ಕಕ್ಕೆ. ಹನುಕ್ಕಾದಲ್ಲಿ ಕೆಲಸಕ್ಕೆ ರಜೆ ಇಲ್ಲ. ಚಳಿಯ ಕತ್ತಲಲ್ಲಿ, ಕಚೇರಿಗೆ ಮುನ್ನ ಒಂಬತ್ತು ಜನ ಸೇರಿ ಹತ್ತನೆಯವರಿಗಾಗಿ ಬಾಗಿಲು ನೋಡುತ್ತ ಕೂರುವುದು ಎಷ್ಟೋ ಸಣ್ಣ ಸಮುದಾಯಗಳ ಚಳಿಗಾಲದ ಕಥೆ. ಮೆಲ್ಬರ್ನಿನವರಿಗೆ ಇದೇ ಹಬ್ಬ ಬೇಸಿಗೆಯಲ್ಲಿ ಬರುತ್ತದೆ. ಅವರ ತೊಂದರೆ ಬೇರೆ, ರಾತ್ರಿ ಒಂಬತ್ತಾದರೂ ಕತ್ತಲಾಗದೆ ಮಕ್ಕಳು ನಿದ್ದೆಗೆ ಬೀಳುತ್ತವೆ.

ಹನುಕ್ಕಾ ಮುಗಿದರೂ ಚಳಿಗಾಲ ಮುಗಿಯುವುದಿಲ್ಲ. ಡಿಸೆಂಬರ್ 25ರಂದು ಅಮೆರಿಕದ ಹಲವು ಸಿನಗಾಗ್‌ಗಳವರು ಗುಂಪು ಕಟ್ಟಿಕೊಂಡು ಆಸ್ಪತ್ರೆ, ಗಂಜಿಕೇಂದ್ರಗಳಿಗೆ ಹೋಗಿ ಕ್ರೈಸ್ತ ಸಿಬ್ಬಂದಿಗೆ ಬಿಡುವು ಕೊಡುತ್ತಾರೆ. ಹನುಕ್ಕಾ ಕಳೆದು ವಾರಕ್ಕೆ ತೇವೇತ್ ಮಾಸದ ಹತ್ತರ ಉಪವಾಸ, ಜೆರುಸಲೇಮಿನ ಮುತ್ತಿಗೆಯ ನೆನಪಿಗೆ, ನಸುಕಿನಿಂದ ಕತ್ತಲವರೆಗೆ. ಜನವರಿ-ಫೆಬ್ರವರಿಯಲ್ಲಿ ಶ್ವಾತ್ ಮಾಸದ ಹದಿನೈದು, ಮರಗಳ ಹೊಸ ವರ್ಷ: ಬಿಳಿಯಿಂದ ಹಂತಹಂತವಾಗಿ ಕೆಂಪಿಗೆ ತಿರುಗುವ ನಾಲ್ಕು ಲೋಟ ದ್ರಾಕ್ಷಾರಸ, ಜೊತೆಗೆ ಅಂಜೂರ, ಖರ್ಜೂರ, ದಾಳಿಂಬೆ. ಅಂಜೂರವನ್ನು ಸೀಳಿ ಬೆಳಕಿಗೆ ಹಿಡಿದು ನೋಡದೆ ತಟ್ಟೆಗೆ ಹಾಕುವುದಿಲ್ಲ. ಒಳಗೆ ಹುಳವಿದ್ದರೆ ನಿಷಿದ್ಧ.

ಕ್ರಿಸ್‌ಮಸ್‌ನಂತೆ ಹನುಕ್ಕಾಗೆ ನಿಂತ ತಾರೀಖಿಲ್ಲ. ಅದು ಕಿಸ್ಲೇವ್ ಮಾಸದ 25, ಹೀಬ್ರೂ ದಿನ ಶುರುವಾಗುವುದು ಹಿಂದಿನ ಸಂಜೆ. 2024ರಲ್ಲಿ ಮೊದಲ ದೀಪ ಡಿಸೆಂಬರ್ 25ರ ಸಂಜೆ, 2025ರಲ್ಲಿ 14ರ ಸಂಜೆ, 2026ರಲ್ಲಿ ಡಿಸೆಂಬರ್ 4ರ ಸಂಜೆ. ಈ 4 ಶುಕ್ರವಾರ, ಎಂಟನೆಯ ದೀಪದ 11 ಕೂಡ ಶುಕ್ರವಾರ. ಎರಡೂ ದಿನ ಮೇಲೆ ಹೇಳಿದ ದಪ್ಪ ಬತ್ತಿಯ ಲೆಕ್ಕವೇ. ಆ ಎರಡು ಸಂಜೆ ಸೂರ್ಯ ಮುಳುಗಿದ ಮೇಲೆ ಆರ್ಥೊಡಾಕ್ಸ್ ಸಿನಗಾಗ್‌ನೊಳಗೆ ಕ್ಯಾಮೆರಾಕ್ಕೆ ಅವಕಾಶ ಇರುವುದಿಲ್ಲ. ಚಿತ್ರ ಬೇಕಿದ್ದರೆ ಉಳಿದ ಸಂಜೆಗಳಲ್ಲಿ, ಮೊದಲೇ ಫೋನ್ ಮಾಡಿ ಹೋಗಬೇಕು; ಕಾವಲಿನವರು ಗುರುತಿನ ಚೀಟಿ ಕೇಳುತ್ತಾರೆ, ಬೇಸರಿಸದೆ ತೋರಿಸಬೇಕು. ಗುರುವಾರ, ಡಿಸೆಂಬರ್ 10ರ ಸಂಜೆ ತೆಗೆದ ಚಿತ್ರದಲ್ಲಿ ಶಮಾಷ್ ಬಿಟ್ಟು ಏಳು ದೀಪ ಉರಿಯುತ್ತಿರಬೇಕು, ಎಡತುದಿಯ ಒಂದು ಸ್ಥಾನ ಖಾಲಿ ಇರಬೇಕು.

ಇಂತಿ,
ತಮ್ಮ ಓದುಗರು