365ರ ಚರಿತ್ರೆ ಬರೆದಿಡಿ

ಮಾನ್ಯ ಸಂಪಾದಕರೇ,

ಬನ್ನೇರುಘಟ್ಟ ರಸ್ತೆಯ ಗುಲಾಬಿ ಮಾರ್ಗದ ಮೆಟ್ರೊಗೆ ತಕ್ಕಂತೆ ಇಲ್ಲಿನ ಬಸ್ ಮಾರ್ಗಗಳೂ ಬದಲಾಗಬಹುದು. ಮೆಟ್ರೊ ಬಂದ ಕಡೆ ಜನರನ್ನು ನಿಲ್ದಾಣಕ್ಕೆ ಮುಟ್ಟಿಸುವ ‘ಎಂಎಫ್’ ಎಂಬ ಫೀಡರ್ ಬಸ್ಸುಗಳು ಬಂದಿದ್ದನ್ನು ಕಂಡಿದ್ದೇವೆ. ಇಲ್ಲಿಗೂ ಬರಲಿ, ಬೇಕು. ಆದರೆ ಬನ್ನೇರುಘಟ್ಟಕ್ಕೆ ಬರುವ 365ನೇ ನಂಬರಿನ ಬಸ್ಸನ್ನು ಮುಟ್ಟುವ ಮುನ್ನ ಬಿಎಂಟಿಸಿ ಅದರ ಚರಿತ್ರೆಯನ್ನು ಬರೆದಿಡಬೇಕು.

ಮೆಜೆಸ್ಟಿಕ್‌ನಿಂದ ಹೊರಡುವ 365 ಈಗ ನಗರದ ಬಸ್ಸಿನಂತೆ ಕಾಣುತ್ತದೆ. ನಮಗೆ ಅದು ಹಳ್ಳಿ ಬಸ್ಸು. ಹುಳಿಮಾವು, ಗೊಟ್ಟಿಗೆರೆಗಳು ಊರಾಗಿಯೇ ಇದ್ದ ಕಾಲದಲ್ಲಿ ಸೊಪ್ಪು, ಹೂವು ಪೇಟೆಗೆ ಹೋಗುತ್ತಿದ್ದುದು ಬಸ್ಸಿನಲ್ಲಿ. ಚಂಪಕಧಾಮಸ್ವಾಮಿ ಜಾತ್ರೆಗೆ ನೆಂಟರು ಬಂದಿಳಿಯುತ್ತಿದ್ದುದೂ ಬಸ್ಸಿನಲ್ಲೇ. 1974ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಆಮೇಲೆ ಹುಲಿ, ಸಿಂಹ ನೋಡಲು ಬರುವವರೂ ಸೇರಿಕೊಂಡರು. ರಾಗಿಹಳ್ಳಿ ಕಡೆಯ ಕಾಡಂಚಿನವರು ಪೇಟೆಗೆ ಹೋಗಬೇಕಾದರೆ ಬನ್ನೇರುಘಟ್ಟಕ್ಕೆ ಬಂದು ಇದನ್ನೇ ಹಿಡಿಯಬೇಕಿತ್ತು.

ಓದು ಬಾರದ ನಮ್ಮೂರ ಅಜ್ಜಿಯಂದಿರು ಅಂಕಿಯ ಆಕಾರ ನೋಡಿ ಬಸ್ಸು ಹತ್ತುತ್ತಿದ್ದರು. ಖಾಲಿ ಬುಟ್ಟಿ ಕಂಕುಳಿಗೆ ಸಿಕ್ಕಿಸಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು ಬಸ್ಸಿನ ಮುಂದಿನ ತಗಡಿನ ಬೋರ್ಡು ನೋಡುವರು. ಕೊನೆಯದು ಸೊನ್ನೆಯಾದರೆ ಅದು 360, ಅತ್ತಿಬೆಲೆಗೆ. ಐದಾದರೆ ನಮ್ಮೂರಿಗೆ. ಅಷ್ಟು ಗೊತ್ತಿದ್ದರೆ ಯಾರ ಹಂಗೂ ಇಲ್ಲದೆ ಮನೆ ಸೇರಬಹುದಿತ್ತು. ಅಂಥ ಸಂಖ್ಯೆಯನ್ನು ಕಚೇರಿಯಲ್ಲಿ ಕೂತು ಅಳಿಸುವುದು ಸುಲಭವಾಗಬಾರದು.

ಬಸ್ಸಿನ ಮೈಮೇಲಿನ ಹೆಸರುಗಳ ಕಥೆ ಎಲ್ಲರಿಗೂ ಗೊತ್ತು: 1956ರಲ್ಲಿ ಖಾಸಗಿ ಕಂಪನಿ ಸರ್ಕಾರದ ಕೈಗೆ ಬಂದು ಬಿಟಿಎಸ್ ಆಯಿತು, 1997ರಲ್ಲಿ ಬಿಎಂಟಿಸಿ. ಮಾರ್ಗ ಸಂಖ್ಯೆಗಳ ಕಥೆ ಮಾತ್ರ ನಿವೃತ್ತ ಚಾಲಕರು, ನಿರ್ವಾಹಕರ ನೆನಪಿನಲ್ಲಿದೆ. ಅವರಲ್ಲಿ ಬಹಳ ಮಂದಿಗೆ ಈಗ ವಯಸ್ಸಾಗಿದೆ. ಪ್ರತಿ ಶೆಡ್ಯೂಲಿಗೂ, ಅಂದರೆ ಒಂದು ಬಸ್ಸಿನ ನಿಗದಿತ ಓಡಾಟಕ್ಕೂ, ಡಿಪೊದಲ್ಲಿ ಫಾರಂ-4 ಎಂಬ ವೇಳಾಪಟ್ಟಿ ಇರುತ್ತದೆ. ಎಷ್ಟು ಟ್ರಿಪ್ಪು, ಯಾವ ಹೊತ್ತಿಗೆ, ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ವೇಳೆ ಬದಲಾದಾಗ ಹೊಸ ಫಾರಂ ಬರುತ್ತದೆ. ಹಳೆಯದನ್ನು ಗುಜರಿಗೆ ಹಾಕದೆ ಸ್ಕ್ಯಾನ್ ಮಾಡಿಟ್ಟರೆ ಯಾವ ಊರಿಗೆ ಯಾವಾಗ ಬಸ್ಸು ಬಂತು, ಯಾವಾಗ ನಿಂತಿತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ನಿಗಮ ಈ ಕೆಲಸವನ್ನು 365ರಿಂದಲೇ ಆರಂಭಿಸಲಿ. ಸಂಖ್ಯೆ ಬದಲಿಸಲೇಬೇಕಾಗಿ ಬಂದರೆ, ಒಂದು ವರ್ಷವಾದರೂ ಹೊಸ ಸಂಖ್ಯೆಯ ಪಕ್ಕದಲ್ಲಿ ಹಳೆಯದನ್ನೂ ಬೋರ್ಡಿನ ಮೇಲೆ ತೋರಿಸಲಿ.

– ಓದುಗರೊಬ್ಬರು, ಬನ್ನೇರುಘಟ್ಟ