ಫೋನ್ ಡಬ್ಬದ ಮೇಲೆ ಇನ್ನೊಂದು ತಾರೀಖು ಬೇಕು

ಮಾನ್ಯರೇ,

ಒಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎನ್ನುವಲ್ಲಿಗೇ ನಮ್ಮ ಮೊಬೈಲ್ ಸುರಕ್ಷತೆಯ ಪ್ರಚಾರ ನಿಂತುಬಿಡುತ್ತದೆ. ಫೋನ್‌ನ ಸಾಫ್ಟ್‌ವೇರ್‌ನ ತಿರುಳಾದ ಕರ್ನೆಲ್‌ನ ಡ್ರೈವರ್‌ನಲ್ಲಿ (ಒಂದೊಂದು ಕೆಲಸ ನೋಡಿಕೊಳ್ಳುವ ಅದರ ಭಾಗ) ತೂತಿದ್ದರೆ ಎಷ್ಟು ಜಾಗರೂಕರಾಗಿದ್ದರೂ ಸಾಲದು. ಅದನ್ನು ಮುಚ್ಚುವ ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಸಿಗುತ್ತದೆ ಎಂಬುದು ಫೋನ್ ಕೊಳ್ಳುವಾಗಲೇ ಗೊತ್ತಿರಬೇಕು.

ಆಂಡ್ರಾಯ್ಡ್‌ನ ‘ಬೈಂಡರ್’ ಡ್ರೈವರ್‌ನಲ್ಲಿ ಹಿಂದೆ ಇದ್ದ ತೂತನ್ನೇ ನೋಡಿ. ಆ್ಯಪ್‌ಗಳು ಪರಸ್ಪರ ಮಾತಾಡುವುದೇ ಬೈಂಡರ್ ಮೂಲಕ. ಹಾಗಾಗಿ ಇದನ್ನು ತೆರೆಯಲು ಪ್ರತ್ಯೇಕ ಪರ್ಮಿಷನ್ ಬೇಕಿಲ್ಲ. ದಾಳಿಕೋರನ ಆ್ಯಪ್ ಮೊದಲು ಬೈಂಡರನ್ನು ‘ಇಪೋಲ್’ (ಏನಾದರೂ ಆದರೆ ತಿಳಿಸುವ ಕರ್ನೆಲ್‌ನ ವ್ಯವಸ್ಥೆ) ಕಾವಲಿಗೆ ಹಚ್ಚುತ್ತದೆ, ಆಮೇಲೆ ತನ್ನ ಥ್ರೆಡ್ (ಆ್ಯಪ್‌ನೊಳಗಿನ ಕೆಲಸದ ಒಂದು ಎಳೆ) ಮುಗಿಯಿತು ಎನ್ನುತ್ತದೆ. ಡ್ರೈವರ್ ಆ ಥ್ರೆಡ್‌ನ ಮೆಮೊರಿ ಬಿಟ್ಟುಕೊಡುತ್ತದೆ, ಇಪೋಲ್ ಬಳಿ ಮಾತ್ರ ಹಳೇ ವಿಳಾಸ ಉಳಿದಿರುತ್ತದೆ. ಮನೆ ಖಾಲಿಯಾದರೂ ಅಂಚೆಯವನ ಪಟ್ಟಿಯಲ್ಲಿ ಹೆಸರು ಇದ್ದ ಹಾಗೆ. ಅಷ್ಟರಲ್ಲಿ ದಾಳಿಕೋರ ಅದೇ ಜಾಗಕ್ಕೆ ತನ್ನ ಡೇಟಾ ತುಂಬಿಸಿದರೆ, ಇಪೋಲ್ ತನ್ನ ಕೊಂಡಿ ಕಳಚುವಾಗ ಅದರ ಮೇಲೆಯೇ ಬರೆಯುತ್ತದೆ. ಅಲ್ಲಿಂದ ಕರ್ನೆಲ್ ಮೆಮೊರಿಯನ್ನು ಓದುವ, ತಿದ್ದುವ ದಾರಿ ತೆರೆಯುತ್ತದೆ. ಇಡೀ ಫೋನ್ ಅವನ ಕೈಗೆ.

ಇದನ್ನು ಮುಚ್ಚುವ ತೇಪೆ (ಪ್ಯಾಚ್) ಕೆಲವೇ ಸಾಲಿನದು: ಮೆಮೊರಿ ಬಿಡುವ ಮೊದಲು ಕಾಯುತ್ತಿರುವವರಿಗೆ ತಿಳಿಸಬೇಕು, ಅಷ್ಟೇ. 2017ರ ನವೆಂಬರ್‌ನಲ್ಲೇ ‘ಸಿಝ್‌ಬಾಟ್’ ಎಂಬ ಸ್ವಯಂಚಾಲಿತ ತಪಾಸಣೆ ಇದನ್ನು ಹಿಡಿದಿತ್ತು. 2018ರ ಫೆಬ್ರುವರಿಯಲ್ಲಿ ಆಂಡ್ರಾಯ್ಡ್ ಬಳಸುವ ಲಿನಕ್ಸ್ ಕರ್ನೆಲ್‌ನ 4.14 ಆವೃತ್ತಿಗೆ ತೇಪೆಯೂ ಬಂತು. ಸಿವಿಇ ಸಂಖ್ಯೆ (ಭದ್ರತಾ ಲೋಪಗಳಿಗೆ ಕೊಡುವ ಗುರುತಿನ ಸಂಖ್ಯೆ) ಸಿಗದ ಕಾರಣ ಯಾರೂ ಅದನ್ನು ಭದ್ರತೆಯ ವಿಷಯವೆಂದು ಎಣಿಸಲಿಲ್ಲ, ಗೂಗಲ್‌ನದೇ ಪಿಕ್ಸೆಲ್ 2 ಸೇರಿದಂತೆ ಹಲವು ಫೋನ್‌ಗಳಿಗೆ ತೇಪೆ ತಲುಪಲೂ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಭದ್ರತಾ ಲೋಪ ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಇದನ್ನು ವರದಿ ಮಾಡುವ ಹೊತ್ತಿಗೆ ದಾಳಿಗೆ ಬಳಕೆಯಾಗುತ್ತಿರುವ ಸುಳಿವು ಸಿಕ್ಕಿತ್ತು. ಸಿವಿಇ-2019-2215 ಎಂಬ ಹೆಸರು ಬಂದದ್ದು ಆಮೇಲೆ. ಕೋಡ್‌ಗಿಂತ ಇಲ್ಲಿ ಕೆಟ್ಟಿದ್ದು ತೇಪೆಯನ್ನು ಫೋನ್‌ಗಳಿಗೆ ತಲುಪಿಸುವ ಸಾಗಾಟ.

ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’, ಅದರೊಳಗೆ ‘ಆಂಡ್ರಾಯ್ಡ್ ವರ್ಷನ್’ ಒತ್ತಿದರೆ ಸೆಕ್ಯುರಿಟಿ ಅಪ್‌ಡೇಟ್ ತಾರೀಖು ಕಾಣುತ್ತದೆ (ಕೆಲವು ಫೋನ್‌ಗಳಲ್ಲಿ ಜಾಗ ಬದಲಾಗಬಹುದು). ತಿಂಗಳ 1ನೇ ತಾರೀಖು ಇದ್ದರೆ ಆಂಡ್ರಾಯ್ಡ್‌ನ ಮೇಲಿನ ಪದರದ ತೇಪೆ ಮಾತ್ರ ಖಾತ್ರಿ. 5 ಇದ್ದರೆ ಕರ್ನೆಲ್ ಮತ್ತು ಚಿಪ್ ಕಂಪನಿಗಳ ಡ್ರೈವರ್ ತೇಪೆಗಳೂ ಸೇರಿರುತ್ತವೆ. ಅಲ್ಲೇ ಇರುವ ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ತಾರೀಖು ಬೇರೆಯದು. ಅದು ಹೊಸದಿದೆಯೆಂದು ಸಮಾಧಾನಪಟ್ಟು ಕೂರಬೇಡಿ.

ಡಬ್ಬದ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು ಈಗಾಗಲೇ ಇರುತ್ತವೆ. ಭದ್ರತಾ ಅಪ್‌ಡೇಟ್ ಯಾವ ತಿಂಗಳವರೆಗೆ ಸಿಗುತ್ತದೆ ಎಂಬುದನ್ನೂ ಪಕ್ಕದಲ್ಲೇ ಅಚ್ಚು ಹಾಕುವಂತೆ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವಾಲಯ ನಿಯಮ ತರಲಿ. ಹಬ್ಬದ ರಿಯಾಯಿತಿಯಲ್ಲಿ ಎರಡು ವರ್ಷದ ಹಿಂದಿನ ಮಾಡೆಲ್ ಕೊಳ್ಳುವವರಿಗೆ ಬೆಲೆಯಷ್ಟೇ ಮುಖ್ಯವಾಗಿ ಗೊತ್ತಿರಬೇಕಾದದ್ದು ಇದು.

– ಓದುಗ, ಮೈಸೂರು